ಪ್ರಶ್ನೆ ಹದಿನೇಳು

ಆರು ತಿಂಗಳಾಯಿತೆಂದು ಫಾರಂ ಕೊಟ್ಟಿದ್ದಾರೆ ಶೆಹನಾಜ್ ಮೇಡಂ.
ಮನೆಗೆ ತಂದು, ಮೆಷಿನ್ನಿನ ಹಲಗೆಯ ಮೇಲಿಟ್ಟು
ಫಾಲ್ಸ್ ಹಚ್ಚುವ ಸೀರೆಗಳ ನಡುವೆ ತುಂಬುತ್ತಿದ್ದೇನೆ.
ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ.
ಐದು ಚೌಕ, ಒಂದಕ್ಕೆ ಗುರುತು.

ಹಿಂದಿನಿಂದ ಕರೆದರೆ ಕೇಳುತ್ತದೆಯೇ?
ಕೇಳುತ್ತದೆ. ಯಾವ ಕಡೆಯಿಂದ ಅನ್ನಬೇಡಿ.
ನಿನ್ನೆ ಹನುಮಂತನಗರದ ಇಳಿಜಾರಿನಲ್ಲಿ
ಯಾರೋ 'ಸರ್ವಕ್ಕಾ' ಎಂದರು.
ಒಂದು ಸುತ್ತು ಪೂರ್ತಿ ತಿರುಗಿ
ಕರೆಂಟು ಕಂಬಕ್ಕೆ 'ಹೂಂ' ಅಂದೆ.

ಆನ್ ಮಾಡಿದ ಮೊದಲ ದಿನ
ಎಲ್ಲರ ಬಾಯಲ್ಲೂ ತಗಡು.
ಗಂಡ ನನ್ನ ಹೆಸರು ಕರೆದ,
ಡಬ್ಬಿಯೊಳಗೆ ಕಡಲೆ ಅಲ್ಲಾಡಿಸಿದ ಹಾಗೆ.
ಹನ್ನೊಂದು ವರ್ಷ ಆ ದನಿಯನ್ನು
ತಲೆಯೊಳಗೆ ಜೋಪಾನ ಮಾಡಿದ್ದೆ.
ಅದು ಬೇರೆ, ಇದು ಬೇರೆ.
ಯಾವುದು ಅಸಲೆಂದು ಈಗ ಮರೆತುಹೋಗಿದೆ.

ಗದ್ದಲದಲ್ಲಿ ಮಾತು ತಿಳಿಯುತ್ತದೆಯೇ?
ಮೇಡಂ, ಸಂಕ್ರಾಂತಿಯ ಹಿಂದಿನ ದಿನ ಗಾಂಧಿಬಜಾರಿಗೆ ಬನ್ನಿ.
ಅವರೆಕಾಯಿ ಅರವತ್ತೋ ಎಪ್ಪತ್ತೋ,
ನಾನಿನ್ನೂ ತುಟಿಯನ್ನೇ ನೋಡುತ್ತೇನೆ.
ಮಾರುವವಳ ಬಾಯಲ್ಲಿ ಎಲೆಯಡಿಕೆ ಇದ್ದರೆ
ನೂರು ಕೊಟ್ಟು ಚಿಲ್ಲರೆಗೆ ಕೈ ಚಾಚುವುದು.

ಹದಿನೇಳು: ಸಾಧನ ಬಂದ ಮೇಲೆ
ಮನೆಯವರೊಂದಿಗಿನ ಸಂಬಂಧ ಸುಧಾರಿಸಿದೆಯೇ?

ನನ್ನ ನಾದಿನಿ ಗೌರಾಂಬ
ನನ್ನೆದುರೇ ಕೂತು, ಸೊಪ್ಪು ಬಿಡಿಸುತ್ತಾ,
ನನ್ನ ವಿಷಯವನ್ನೇ ಫೋನಿನಲ್ಲಿ ಆಡುತ್ತಿದ್ದಳಂತೆ,
ನಗುನಗುತ್ತಾ, ಅಷ್ಟೂ ವರ್ಷ.
ನಾನೂ ನಗುತ್ತಿದ್ದೆ.
ನಗು ಕಂಡಲ್ಲಿ ನಗುವುದು ಕಿವುಡರ ಮರ್ಯಾದೆ.
ಈಗ ಫೋನು ಬಂದರೆ ಎದ್ದು ಹೋಗಿ
ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ.
ಚಿಲಕದ ಸದ್ದು ಕೇಳುತ್ತದೆ, ಸ್ಪಷ್ಟವಾಗಿ.
ನನಗಾಗಿ ಒಬ್ಬರು ದನಿ ತಗ್ಗಿಸುತ್ತಿದ್ದಾರೆ!
ಸುಧಾರಣೆಯೋ ಏನೋ, ಮೇಡಂ,
ಮೊದಲ ಸಲ ಆ ಚಿಲಕ ಕೇಳಿದ ದಿನ
ಒಳಗೊಳಗೇ ಖುಷಿಪಟ್ಟು ಎರಡು ಸೀರೆ ಜಾಸ್ತಿ ಮುಗಿಸಿದೆ.

ರಾತ್ರಿ ಕಿವಿಯ ಹಿಂದಿನದನ್ನು ತೆಗೆದು ಹಲಗೆಯ ಮೇಲಿಟ್ಟರೆ
ಅದರ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ
ಬೆಳಿಗ್ಗೆಯಿಂದ ಹುಡುಕುತ್ತಿದ್ದ ಸೂಜಿ.
ಆಮೇಲೆ ಕುಕ್ಕರ್ ಇಲ್ಲ, ಹಾರನ್ನು ಇಲ್ಲ,
ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವವನೂ ಇಲ್ಲ.
ಇದು ನನ್ನದು, ಇದನ್ನು ಯಾರೂ ಕೇಳಿಲ್ಲ ಫಾರಮ್ಮಿನಲ್ಲಿ.

ಕತ್ತಲಲ್ಲಿ ಗಂಡ ಅಂಗೈ ಹಿಡಿದು
ಬೆರಳಲ್ಲಿ ಬರೆಯುತ್ತಾನೆ, ಮೊದಲಿನ ಹಾಗೆಯೇ:
ಗ್ಯಾಸ್ ಆಪ್ ಮಾಡಿದ್ಯಾ.
ಫ ಬರೆಯಬೇಕಾದ ಕಡೆ ಪ.
ಹನ್ನೊಂದು ವರ್ಷದಿಂದ ಹಾಗೇ.
ನಾನು ತಿದ್ದಿಲ್ಲ.