ಏಣಿಯಂಗಡಿಗೆ ಬಂದವರು

ಕುಲ್ದೀಗಾದಲ್ಲಿ, ವೆಂಟಾ ನದಿಗೆ ಬೆನ್ನು ಹಾಕಿ ನಿಂತ
ನಮ್ಮ ಏಣಿಯಂಗಡಿಗೆ
ಹೋದ ತಿಂಗಳು ಬಂದವರು
ಎರಡು ಸಾವಿರದ ಮುನ್ನೂರ ನಾಲ್ಕು ಜನ.
ಬಾಗಿಲ ಗಂಟೆ ಅಲುಗಿಸಿ ಬಂದವರು ಒಂಬತ್ತು.
ಮಿಕ್ಕವರೆಲ್ಲ ಗಾಜಿನೊಳಗಿಂದ,
ಎಲ್ಲೋ ಏನೋ ಹುಡುಕುತ್ತಾ,
ನಮ್ಮ ಹೊಸಿಲ ಮೇಲೆ ಹನ್ನೊಂದು ಸೆಕೆಂಡು ನಿಂತು
ಹೋದರು.

ಹನ್ನೊಂದು ಸೆಕೆಂಡು ಅಂದರೆ ಎಷ್ಟು?
ಮಾವ ವಿಸ್ವಾಲ್ಡಿಸ್ ಕೇಳಿದರು, ಉಳಿ ಕೆಳಗಿಡದೆ.
ನೀವು ಮೂಗೊರೆಸಿಕೊಳ್ಳುವಷ್ಟು, ಅಂದೆ.
ಅಷ್ಟರೊಳಗೆ ಏಣಿ ನೋಡಿಬಿಟ್ಟರೇ?
ಇಲ್ಲ ಮಾವ, ನೋಡಲಿಲ್ಲ. ಗೋಳು ಅದೇ.

ರೀಗಾದಿಂದ ಇಂಡುಲಿಸ್ ಎಂಬ ಹುಡುಗ ಬಂದು
ನೂರಿಪ್ಪತ್ತು ಯೂರೋ ಎಣಿಸಿಕೊಂಡು ಹೇಳಿಹೋದ:
ಬಂದವರನ್ನು ಬಿಡಬೇಡಿ.
ಮೂಲೆಯಿಂದೊಂದು ಚೌಕ ಜಿಗಿಯಲಿ,
ಹತ್ತು ಪರ್ಸೆಂಟ್ ಕಡಿಮೆ ಅನ್ನಲಿ,
ಹೊರಟವರ ಮುಂದೆ ಅಡ್ಡ ನಿಂತು ಕೇಳಲಿ,
ನಿಜಕ್ಕೂ ಹೊರಟಿರಾ?

ಜಿಗಿಸಿದೆ. ಅಡ್ಡ ನಿಲ್ಲಿಸಿದೆ.
ಹನ್ನೊಂದು ಏಳಕ್ಕಿಳಿಯಿತು.
ತೋಳು ಹಿಡಿದೆಳೆದರೆ
ಕೋಟು ಬಿಟ್ಟು ಓಡುತ್ತಾರಮ್ಮ, ಅಂದರು ಮಾವ.

ಒಂದು ರಾತ್ರಿ, ಮರದ ಹೊಟ್ಟಿನ ವಾಸನೆ ಇನ್ನೂ ಇಳಿಯದಿರುವಾಗ,
ಅವರೆಲ್ಲ ಯಾವ ಮಾತು ಹಿಡಿದು ಬಂದರೆಂದು
ಕೆದಕಿ ನೋಡಿದೆ.
ಸೇಬು ಕೀಳುವ ಏಣಿ: ಮೂವತ್ತೊಂದು.
ಅಟ್ಟದ ಏಣಿ: ಹದಿನೆಂಟು.
ಆಮೇಲೆ ಉದ್ದಕ್ಕೂ
ಒಂದೇ ಮಾತು, ಬೇರೆ ಬೇರೆ ತಪ್ಪು ಕಾಗುಣಿತದಲ್ಲಿ:
ಕನಸಿನಲ್ಲಿ ಏಣಿ ಕಂಡರೆ ಏನರ್ಥ.
ಏಣಿ ಮುರಿದ ಕನಸು ಕೆಟ್ಟದ್ದೇ.
ಸತ್ತ ಅಕ್ಕ ಏಣಿ ಹಿಡಿದು ನಿಂತಿದ್ದಳು.
ಹತ್ತುತ್ತಲೇ ಇದ್ದೇನೆ ಛಾವಣಿ ಇಲ್ಲ.

ಬಂದ ಹೊತ್ತು, ಬೆಳಗಿನ ಜಾವ ಮೂರರಿಂದ ಐದು.
ಬೆವರಿದ ಬೆರಳಲ್ಲಿ ಬಾಗಿಲು ತಟ್ಟಿದವರಿಗೆ ನಾನು
ಸಾಗಣೆ ಉಚಿತ
ಎಂದು ಕೂಗಿದ್ದೆ.

ಮಾವನಿಗೆ ಓದಿ ಹೇಳಿದೆ.
ನಗುತ್ತಾರೆ ಅಂದುಕೊಂಡೆ. ಉಳಿ ಕೆಳಗಿಟ್ಟರು.
ಕೇಳು ಅವರನ್ನು, ಅಂದರು,
ಎಷ್ಟು ಮೆಟ್ಟಿಲಿತ್ತು?
ಏಣಿಯ ಕಾಲು ಮಣ್ಣಿನಲ್ಲಿತ್ತೋ ಕಲ್ಲಿನ ಮೇಲೋ?
ಯಾವ ಮರ?
ಕೆಳಗೆ ಯಾರಾದರೂ ಹಿಡಿದುಕೊಂಡಿದ್ದರೋ?
ನಲವತ್ತಾರು ವರ್ಷ ಗಿರಾಕಿಗಳನ್ನು ನಾನು ಕೇಳಿದ್ದು ಇಷ್ಟೇ.
ಅರ್ಥಗಿರ್ಥ ನನಗೇನು ಗೊತ್ತು.

ಚೌಕ ಕಿತ್ತೆಸೆದು ಆ ನಾಲ್ಕು ಪ್ರಶ್ನೆ ಇಟ್ಟೆ,
ಕೆಳಗೊಂದಿಷ್ಟು ಖಾಲಿ ಜಾಗ.

ಈಗ ನಿಲ್ಲುತ್ತಾರೆ. ನಾಲ್ಕು ನಿಮಿಷ,
ಕೆಲವರು ಒಂಬತ್ತು.
ಹದಿಮೂರು ಮೆಟ್ಟಿಲು, ಎಂಟನೆಯದು ಇರಲಿಲ್ಲ.
ಮರ ಗೊತ್ತಾಗಲಿಲ್ಲ, ಒದ್ದೆಯಿತ್ತು.
ಹಿಡಿದವರಿದ್ದರು, ಮುಖ ನೆನಪಿಲ್ಲ, ಬೂಟು ನೆನಪಿದೆ.

ಮಾವ ಹೇಳುತ್ತಾರೆ, ನಾನು ಟೈಪಿಸುತ್ತೇನೆ:
ಎಂಟನೆಯದಿಲ್ಲದಿದ್ದರೆ ಏಳರ ಮೇಲೆ ಕೂತು ಸುಧಾರಿಸಿಕೊಳ್ಳಿ.
ಒದ್ದೆ ಮರ ನಂಬಬೇಡಿ, ಒಂದು ಬೇಸಿಗೆ ಕಳೆಯಲಿ.
ಬೂಟಿನ ಬಗ್ಗೆ ಏನೂ ಹೇಳಲಿಲ್ಲ.
ಸುಮ್ಮನೆ ತಮ್ಮ ಬೂಟು ನೋಡಿಕೊಂಡರು.

ಇಂಡುಲಿಸ್ ಫೋನ್ ಮಾಡಿದ್ದ: ಇದರಿಂದ ವ್ಯಾಪಾರ?
ಅಷ್ಟಕ್ಕಷ್ಟೆ.
ಅಟ್ಟ ಹತ್ತಿದ ಮೇಲೆ ಏಣಿ ಒದೆಯುವುದು ಲೋಕರೂಢಿ,
ಕನಸು ಬಗೆಹರಿದ ಮೇಲೆ
ಬೆಲೆಪಟ್ಟಿ ಯಾರು ತೆರೆಯುತ್ತಾರೆ.

ಒಬ್ಬಳನ್ನು ಬಿಟ್ಟು. ಲಿಯೆಪಾಯಾದ ನರ್ಸ್, ರಾತ್ರಿಪಾಳಿಯವಳು,
ಮೂರೇ ಮೆಟ್ಟಿಲಿನ ಏಣಿ ಬೇಕೆಂದಳು.
ಏನು ಹತ್ತಲಿಕ್ಕೆ ಎಂದು ನನ್ನ ನಾಲಗೆ ತುದಿಗೆ ಬಂತು.
ಮಾವ ಮೊದಲೇ ಕೇಳಿಬಿಟ್ಟರು:
ಯಾವ ಮರ?

ನಿನ್ನೆ ಗೋಣಿ ಸುತ್ತಿ ಕಳಿಸಿದೆವು.

ಈ ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ
ಎಚ್ಚರವಾಗಿ ಲೆಕ್ಕ ತೆರೆದೆ.
ಅಂಗಡಿಯಲ್ಲಿ ಮೂವರಿದ್ದಾರೆ ಅಂತ ತೋರಿಸುತ್ತಿತ್ತು.
ಒಬ್ಬಳು ನಾನೇ.