ಏಳು ಇಂಟು

ಅವೇರೊದ ಉಪ್ಪಿನಾಗರದ ಮಗ್ಗುಲಲ್ಲಿ, ತಗಡಿನ ಶೆಡ್ಡಿನೊಳಗೆ
ಬೆಳಗ್ಗೆ ಆರಕ್ಕೆ ಪ್ರೋಗ್ರಾಮು ಓಡಿಸುತ್ತೇನೆ.
ಮೊದಲು ಅದು ಅಳತೆ ಹೇಳಬೇಕು,
ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು.
ಒಳಗಿನ ಮಾತೆಲ್ಲ ಆಮೇಲೆ.

೩೧ × ೨೪

ಮೂವತ್ತೊಂದು ಮಡಿ, ಇಪ್ಪತ್ತನಾಲ್ಕು ಗಂಟೆ.
ಒಂದೊಂದು ಮನೆಯಲ್ಲೂ, ನೀರು ಎಷ್ಟು ಉಪ್ಪಾಯಿತೆಂಬ ಒಂದು ದಶಾಂಶ.

ಆ ಸಾಲನ್ನು ಬರೆದದ್ದು ಹೀಗೆ: ಶೇಕಡಾ ಗುರುತು, ಡಿ,
ನಡುವೆ ಇಂಟು,
ಮತ್ತೆ ಶೇಕಡಾ ಗುರುತು, ಡಿ.
ಯಾವುದರ ಶೇಕಡಾವೂ ಅಲ್ಲ,
ಮೊದಲೇ ಎಳೆದಿಟ್ಟ ಎರಡು ಕುರ್ಚಿ.
ಸಂಖ್ಯೆಗಳು ಬಂದು ಕೂರುತ್ತವೆ.

ಎಂಟಕ್ಕೆ ಅಬೀಲಿಯೊ ಬರುತ್ತಾನೆ, ಮೊಣಕಾಲವರೆಗೆ ಕೆಸರು,
ಎಪ್ಪತ್ತೊಂಬತ್ತರ ಪ್ರಾಯ, ಓದಿದ್ದು ಮೂರನೆಯ ಕ್ಲಾಸು.
ಪರದೆ ನೋಡಿ "ಇಪ್ಪತ್ತೊಂಬತ್ತು" ಅನ್ನುತ್ತಾನೆ.
"ಎರಡು ಮಡಿಯ ಬದು ಮಾರ್ಚಿನಲ್ಲೇ ಒಡೆಯಿತಲ್ಲ,
ನಿನ್ನ ಯಂತ್ರಕ್ಕೆ ಯಾರೂ ಹೇಳಲಿಲ್ಲವೇ?"
ಹೇಳಿದ್ದೇನೆ. ಆ ಎರಡು ಸಾಲಿನ ತುಂಬ
"ಸಂಖ್ಯೆಯಲ್ಲ" ಎಂಬ ಸಂಖ್ಯೆ.
ಅಳತೆ ಅವನ್ನೂ ಸೇರಿಸಿಯೇ ಎಣಿಸುತ್ತದೆ,
ಸತ್ತವರನ್ನು ಮತದಾರರ ಪಟ್ಟಿ ಎಣಿಸುವ ಹಾಗೆ.

ನಿನ್ನೆ ಏಳು ಬೇಸಗೆಗಳನ್ನು ಒಂದರ ಮೇಲೊಂದು ಪೇರಿಸಿ
ಒಂದೇ ಮಾತೃಕೆ ಮಾಡಿದೆ. ಅಚ್ಚಿನ ಸಾಲು ಮಾತ್ರ ಹಳೆಯದೇ.
ಅದು ಹೇಳಿತು:

೩೧ × ೨೪
೭ ×

ಇದ್ದದ್ದು ಎರಡೇ ಕುರ್ಚಿ. ಮೂರನೆಯದು ಬಂದಾಗ
ಪ್ರೋಗ್ರಾಮು ಗದರಲಿಲ್ಲ, ಬಾಗಿಲು ಹಾಕಲಿಲ್ಲ,
ಕೆಳಗಿನ ಸಾಲಿನಲ್ಲಿ ಮತ್ತೆ ಅವೇ ಎರಡನ್ನು ಎಳೆದು
ಒಂದರಲ್ಲಿ ಏಳನ್ನು ಕೂರಿಸಿತು.
ಇನ್ನೊಂದಕ್ಕೆ ಯಾರೂ ಇಲ್ಲ.
ಇಂಟು ಮಾತ್ರ, ಕೈ ಚಾಚಿಕೊಂಡು.

ಅಬೀಲಿಯೊ ಟೋಪಿ ತೆಗೆದ. "ಏಳು ಇಂಟು ಏನು?"
ಏನೂ ಇಲ್ಲ, ನನ್ನ ತಪ್ಪು, ತಿದ್ದುತ್ತೇನೆ, ಅಂದೆ.
ಅವನಿಗೆ ಅದು ಕೇಳಿಸಲಿಲ್ಲ.
"ಏಳು ಬೇಸಗೆ ನಿಮ್ಮಮ್ಮ ಈ ಬದುವಿನ ಮೇಲೆ ಬುಟ್ಟಿ ಹೊತ್ತಳು.
ಲಿಯೊನಿಲ್ದೆ. ದಿನಕ್ಕೆ ಎಷ್ಟು ಬುಟ್ಟಿ, ಯಾರೂ ಬರೆದಿಡಲಿಲ್ಲ.
ಯಜಮಾನ ದೋಣಿ ಎಣಿಸುತ್ತಿದ್ದ.
ನಾನು ಅವಳನ್ನು ನೋಡುತ್ತಿದ್ದೆ, ಎಣಿಸಲಿಲ್ಲ."

ಅಮ್ಮನನ್ನು ಒಮ್ಮೆ ಕೇಳಿದ್ದೆ.
ಸಿಂಬಿ ಒಣಗುವ ಮೊದಲೇ ಇನ್ನೊಂದು, ಅಂದಿದ್ದಳು.
ಕುತ್ತಿಗೆಯ ಹಿಂದೆ ಉಪ್ಪುನೀರು ಕಚ್ಚಿದ ಗೆರೆ ಇತ್ತು,
ಕಾಲರಿನ ಕೆಳಗೆ. ಅದನ್ನು ತೋರಿಸಿದವಳಲ್ಲ,
ಸ್ನಾನ ಮಾಡಿಸುವಾಗ ನಾನೇ ಕಂಡದ್ದು, ಕೊನೆಯ ವರ್ಷ.

ಮಧ್ಯಾಹ್ನ ತಿದ್ದಿದೆ. ಈಗ ಎಷ್ಟು ಅಳತೆ ಬಂದರೂ ಸರಿ,
ಎಲ್ಲಕ್ಕೂ ಜಾಗವಿದೆ, ಕೊನೆಯ ಇಂಟು ತಾನಾಗಿ ಉದುರುತ್ತದೆ.
೩೧ × ೨೪ × ೭.
ಅಚ್ಚುಕಟ್ಟು. ಕೇಳುವಂಥದ್ದು ಏನೂ ಉಳಿದಿಲ್ಲ.

ಹಳೆಯ ಸಾಲನ್ನು ಅಳಿಸಲು ಬೆರಳು ಬರಲಿಲ್ಲ.
ಅದರ ಮುಂದೆ ಇನ್ನೊಂದು ಶೇಕಡಾ ಗುರುತು ಇಟ್ಟೆ:
ಹಾಗೆ ಇಟ್ಟರೆ ಸಾಲು ಅಲ್ಲಿಯೇ ಇರುತ್ತದೆ,
ಮಾತಾಡುವುದಿಲ್ಲ, ಅಷ್ಟೆ.

ಕಿಟಕಿಯಾಚೆ ಅಬೀಲಿಯೊ ಹನ್ನೆರಡನೆಯ ಮಡಿಗೆ ನೀರು ಬಿಡುತ್ತಿದ್ದಾನೆ,
ಹಲಗೆಯನ್ನು ಕಾಲಿನಿಂದಲೇ ಸರಿಸಿ.
ಇವತ್ತು ವಾಯುವ್ಯದ ಗಾಳಿ.
ಉಪ್ಪು ಬೇಗ ಕೂರಬಹುದು.