ಹತ್ತರಾಗ ಒಂಬತ್ತು

ದುರ್ಗದಬೈಲಿನ ಹಿಂದ, ರವಿಕಿ ಹೊಲಿಯವರಿಗೂ ಹಲ್ಲಿನ ಡಾಕ್ಟರಿಗೂ ನಡುವ
ನಮ್ಮ ಬಂದೂಕಿನ ಅಂಗಡಿ. ಗಾದಿ ಸೇಟರದು, ಲೆಕ್ಕ ನಂದು.
ಮೂವತ್ತೊಂದು ವರ್ಷದಾಗ ಒಂದು ಗುಂಡೂ ಹಾರಿಸಿಲ್ಲ ನಾನು.
ಆದರೂ ಬಂದವರೆಲ್ಲಾ ನನ್ನನ್ನೇ ಕೇಳತಾರ:
"ಹಂದಿಗೆ ಯಾವ ಕಾಡತೂಸು ಛಲೋರಿ, ಕಲಾಲರ?"

ಹಂದಿ ಅಂದ್ರ ಆನಿಯಲ್ಲ, ಮೊಲಾನೂ ಅಲ್ಲ.
ಒಂದು ಚೀಲ ಜೋಳದ ತೂಕ. ಸಿಟ್ಟಿನ ತೂಕ ಬ್ಯಾರೆ.

ಗಾಜಿನ ಮ್ಯಾಲ ಒಂದೊಂದೇ ನಿಲ್ಲಸ್ತೀನಿ,
ಕನ್ಯಾ ನೋಡಾಕ ಬಂದ ವರಗಳನ್ನ ನಿಲ್ಲಿಸಿದಂಗ.
ಇದು ಟೂ ಸೆವೆಂಟಿ-ಫೈವ್. ಸಣ್ಣ ನಡ, ಉದ್ದ ಮೂಗು,
ಬರೂದು ನಿಂತು ಜಮಾನಾ ಆತು, ತೋರಸಾಕ ಅಷ್ಟ ಇಟ್ಟೀವಿ.
ಇದು ತರ್ಟಿ-ಓ-ಸಿಕ್ಸ್. ಎಲ್ಲಾದಕ್ಕೂ ಸೈ.
ರೇಟ್ ಕೇಳಿದವರು ಮೊದಲ ನೀರು ಕುಡೀತಾರ.
ಇದು ನಮ್ಮ ಮುನ್ನೂರಾ ಹದಿನೈದು.
ಕುಳ್ಳ, ಬುಡದಾಗ ದಪ್ಪ ಅಂಚು,
ದೂರಕ್ಕ ಹೋದ್ರ ದಣೀತೈತಿ,
ಹತ್ತಿರ ಇದ್ದದ್ದನ್ನ ಮಾತ್ರ ಮನಸಿಟ್ಟು ಬಡೀತೈತಿ.

ಹೊಸಾವು ಬೇಕಂದ್ರ ಹಳೇ ಖಾಲಿ ಕೊಳವಿ ತರಬೇಕು.
ಎಣಿಸೂಕಿಂತ ಮೊದಲ
ಒಂದೊಂದನ್ನೂ ಕೆಳದುಟಿಗೆ ಹಚ್ಚಿ ಊದತೀನಿ.
ಸೇಟರು ನಗತಾರ, ನಗಲಿ.
ತರ್ಟಿ-ಓ-ಸಿಕ್ಸ್ ಹೊತ್ತು ಮುಳುಗಿದ ಮ್ಯಾಲಿನ ಗಾಳಿ.
ಮುನ್ನೂರಾ ಹದಿನೈದು ಅದಕ್ಕಿಂತ ಒಂದು ಮೆಟ್ಟಲ ಮ್ಯಾಲ,
ಬಾಗಲದಾಗ ನಿಂತು ಯಾರನ್ನೋ ಕರದಂಗ.
ಕಣ್ಣು ಮುಚ್ಚಿ ಹೇಳಬಲ್ಲೆ, ಯಾವುದು ಯಾವುದಂತ.
ಯಾವುದಕ್ಕ ಏನು ಬಿತ್ತಂತ ಅವು ಹೇಳೂದಿಲ್ಲ.

ಹೋದ ಕಾರ್ತೀಕದಾಗ ಶಿಂಗಟಾಲೂರ ಕಡಿಯಿಂದ
ಈರನಗೌಡ್ರು ಬಂದ್ರು. ಬೆಳಿ ಕಾಯೂ ಪರವಾನಗಿ.
ಕರಚೀಪು ಬಿಚ್ಚಿದ್ರು. ಹತ್ತು ಒಯ್ದಿದ್ರು, ಒಂಬತ್ತು ತಂದಿದ್ರು.
"ದೊಡ್ಡದು ಕೊಡ್ರಿ," ಅಂದ್ರು.
"ಇದು ಕೈ ಕೊಟ್ಟಿತು."
ನಾ ಸುಮ್ಮನಿದ್ದೆ. ಅವರೂ.
ಆಮ್ಯಾಲ, ಹಲ್ಲಿನ ಡಾಕ್ಟರ ಮಷೀನು ಗುಂಯ್ ಅನ್ನೂ ಹೊತ್ತಿಗೆ,
"ಅದು ದೂರ ಇತ್ರಿ. ಗೊತ್ತಿತ್ತು. ಗೊತ್ತಿದ್ದೂ ಹೊಡದೆ.
ಗೋವಿನಜೋಳದಾಗ ಹೊಕ್ಕಿತು.
ಎಲಿ ಮ್ಯಾಲ ರಗತ, ಮೊಣಕಾಲಿನ ಎತ್ತರಕ್ಕ.
ಎರಡು ದಿನ ಹುಡಿಕಿದೆ.
ಮೂರನೇದಿನ ನೊಣ ತೋರಿಸಿದವು."

ತರ್ಟಿ-ಓ-ಸಿಕ್ಸ್ ಅವರ ಮುಂದ ನಿಲ್ಲಿಸಿದೆ.
ಎತ್ತಿ ತೂಗಿದ್ರು, ಬೆಳಕಿಗೆ ಹಿಡದ್ರು.
ಅದಕ್ಕ ಬಂದೂಕೂ ಬ್ಯಾರೇದ ಬೇಕು,
ಮತ್ತ ಅರ್ಜಿ, ಮತ್ತ ಕಚೇರಿ, ಮತ್ತ ಠಾಣೆ.
ಅದಕ್ಕಂತ ಅಲ್ಲ ಅನಸತೈತಿ ಅವರು ತಿರಗಿ ಇಟ್ಟದ್ದು.
"ಅದನ್ನ ಕೊಡ್ರಿ, ಕುಳ್ಳನ್ನ.
ಹತ್ತಿರ ಹೋಗತೀನಿ."

"ಹತ್ತನೇದು ಎಲ್ಲಿ ಗೌಡ್ರ?"
ಮೊದಲ ಸಲ ಮೀಸಿ ಅಲ್ಲಾಡಿತು.
"ಮಗಳು ಬಿಡವಲ್ಲಳ್ರಿ.
ಊದಿ ನಾಯಿ ಕರೀತಾಳ. ನಾಯಿನೂ ಬರತೈತಿ."

ದಪ್ತರದಾಗ ಬರದೆ: ಒಂಬತ್ತು ಜಮಾ, ಒಂದು ಕಳದೈತಿ.
ಮೂವತ್ತೊಂದು ವರ್ಷದಾಗ ನಾ ಬರದ ಸುಳ್ಳು ಇದೊಂದ,
ಇನ್ನೊಂದೆರಡು ಇರಬಹುದು.

ರಾತ್ರಿ ಶಟರ್ ಅರ್ಧ ಎಳದು
ಆ ಒಂಬತ್ತರಾಗ ಒಂದನ್ನ ಊದಿದೆ.
ರಸ್ತಾದ ಆ ಕಡಿ, ಬಂಡಿ ಕೆಳಗ ಮಲಗಿದ್ದ ಬೀದಿನಾಯಿ
ಒಂದು ಕಿವಿ ಎತ್ತಿತು.